ಕೆಂಪು ಮಸಿಯ ತೊಂಬತ್ತೆಂಟು

"ಇನ್ನೂ ಸ್ವಲ್ಪ ವಿವರಿಸಿ."

ಎಂಬತ್ತನಾಲ್ಕು ಪುಟದ ಥೀಸಿಸ್ಸಿಗೆ ಗೈಡ್ ಬರೆದು ಕಳಿಸಿದ ಅಭಿಪ್ರಾಯ ಇಷ್ಟೇ. ಮೊದಲ ಕರಡು ಪ್ರತಿಗೂ ಇದನ್ನೇ ಬರೆದಿದ್ದರು, ಎರಡನೆಯದಕ್ಕೂ ಇದನ್ನೇ. ಮೂರನೆಯದಕ್ಕೆ ಮಾತ್ರ ಕೊನೆಯಲ್ಲಿ ಚುಕ್ಕಿ ಇರಲಿಲ್ಲ. ಏನನ್ನು ವಿವರಿಸಬೇಕು, ಎಷ್ಟನೇ ಪುಟದಲ್ಲಿ, ಇನ್ನೂ ಸ್ವಲ್ಪ ಅಂದರೆ ಒಂದು ಸಾಲೋ ಒಂದು ಅಧ್ಯಾಯವೋ, ಆ ಪುಣ್ಯಾತ್ಮರು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಟೀಚರಮ್ಮ ಅವರಿಗೆ ಇನ್ನೂಸ್ವಲ್ಪ ಸರ್ ಎಂದು ಹೆಸರಿಟ್ಟು ಮೂರು ವರ್ಷವಾಗಿತ್ತು. ಆ ಹೆಸರು ಮನೆಯಲ್ಲಿ ಎಷ್ಟು ಬೇರೂರಿತ್ತೆಂದರೆ, ಟೀಯಲ್ಲಿ ಸಕ್ಕರೆ ಕಡಿಮೆಯಾದರೂ ಅವಳ ಅತ್ತೆ "ನಿಮ್ಮ ಇನ್ನೂಸ್ವಲ್ಪ ಸರ್‌ನ ಕರಿ" ಅನ್ನುತ್ತಿದ್ದರು.

ಟೀಚರಮ್ಮನಿಗೆ ನಲವತ್ತನಾಲ್ಕು ವರ್ಷ. ಒಂದೇ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದಳು. ಶಾಲೆಗೆ ಕಂಪ್ಯೂಟರ್ ಬಂದಾಗ ಅದರ ಕೋಣೆಯ ಬೀಗದ ಕೈಯನ್ನೂ ಇವಳ ಕೈಗೇ ಕೊಟ್ಟಿದ್ದರು, ಏಕೆಂದರೆ ಬೇರೆ ಯಾರಿಗೂ ಬೇಕಿರಲಿಲ್ಲ. ಎಂಟು ವರ್ಷ ಆ ಕೋಣೆಯನ್ನು ಗುಡಿಸಿ, ಇಲಿ ಕಡಿದ ತಂತಿ ಜೋಡಿಸಿ, ಪುಸ್ತಕ ನೋಡಿ ತಾನೇ ಕಲಿತು, ಮಕ್ಕಳಿಗೂ ಕಲಿಸಿದ ಮೇಲೆ ಹೆಡ್‌ಮಿಸ್ಟ್ರೆಸ್ ಒಂದು ದಿನ ಕರೆದು, ಇನ್ನು ಮುಂದೆ ಕಂಪ್ಯೂಟರ್ ಪಾಠಕ್ಕೆ ಅದರಲ್ಲೇ ಎಂ.ಎಸ್ಸಿ. ಆದವರೇ ಬೇಕಂತೆ, ನಿಯಮವಂತೆ, ಎಂದರು. ಸರಿ, ಅದನ್ನೂ ಮಾಡಿಬಿಡೋಣ ಎಂದು ಟೀಚರಮ್ಮ ಸಂಜೆಯ ತರಗತಿಗೆ ಸೇರಿಕೊಂಡಳು. ಪಕ್ಕದ ಬೆಂಚಿನ ಹುಡುಗ ಹುಡುಗಿಯರು ಮೊದಲ ದಿನ ಅವಳನ್ನು ಕಂಡು ಪಾಠ ಮಾಡುವವರು ಬಂದರೆಂದು ಎದ್ದು ನಿಂತರು. ಆಮೇಲೆ ಆಂಟಿ ಎಂದು ಕರೆದರು, ಅವಳ ನೋಟ್ಸು ಇಸಿದುಕೊಂಡು ಜೆರಾಕ್ಸ್ ಮಾಡಿಸಿಕೊಂಡರು, ಎರಡು ವರ್ಷಕ್ಕೆ ಪಾಸಾಗಿ ಹೊರಟೂ ಹೋದರು. ಟೀಚರಮ್ಮ ಮಾತ್ರ ಅಲ್ಲೇ ಇದ್ದಳು. ನೋಂದಣಿಯ ಆಯಸ್ಸು ಐದು ವರ್ಷ. ಬರುವ ಮೂವತ್ತನೇ ತಾರೀಕಿನೊಳಗೆ ಥೀಸಿಸ್ ಕೊಡದಿದ್ದರೆ ಐದು ವರ್ಷವೂ ನೀರಿನಲ್ಲಿ ಹೋಮ. ಇನ್ನೊಮ್ಮೆ ಅವಧಿ ವಿಸ್ತರಿಸುವುದಿಲ್ಲವೆಂದು ಕೆಂಪು ಮೊಹರು ಹಾಕಿದ ಕಾಗದ ಬಂದಿತ್ತು.

ಥೀಸಿಸ್ಸಿನ ವಿಷಯ ಅವಳದೇ ದಿನದ ಗೋಳು. ದಿನಕ್ಕೆ ನಾಲ್ಕು ತರಗತಿಯ ನೋಟ್‌ಬುಕ್ ತಿದ್ದಿ ತಿದ್ದಿ ಕತ್ತು ಸೋತವಳು, ಈ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದರೆ ಹೇಗೆ ಎಂದು ಯೋಚಿಸಿದ್ದಳು. ಮಕ್ಕಳು ಕೈಯಲ್ಲಿ ಬರೆದ ಲೆಕ್ಕದ ಚಿತ್ರ ತೋರಿಸಿದರೆ ಅದು ಸರಿಯೋ ತಪ್ಪೋ ಎಂದು ಪ್ರೋಗ್ರಾಮು ಹೇಳಬೇಕು. ಅದಕ್ಕಾಗಿ ತಾನು ತಿದ್ದಿದ ಹಳೆಯ ನೋಟ್‌ಬುಕ್ಕುಗಳನ್ನು ಎರಡು ವರ್ಷ ಸ್ಕ್ಯಾನ್ ಮಾಡಿದಳು. ಹನ್ನೊಂದು ಸಾವಿರ ಲೆಕ್ಕ, ಒಂದೊಂದೂ ಒಂದು ಚಿತ್ರ. ಪ್ರತಿಯೊಂದಕ್ಕೂ ಸರಿ, ತಪ್ಪು ಎಂದು ತನ್ನ ತಿದ್ದುಪಡಿ ನೋಡಿ ಟೈಪ್ ಮಾಡಿದಳು. ಎಂಟು ಸಾವಿರದ ಎಂಟುನೂರು ಚಿತ್ರ ತೋರಿಸಿ ಪ್ರೋಗ್ರಾಮಿಗೆ ಕಲಿಸುವುದು, ಅದು ನೋಡದ ಎರಡು ಸಾವಿರದ ಇನ್ನೂರು ಚಿತ್ರ ಕೊಟ್ಟು ಪರೀಕ್ಷೆ ಮಾಡುವುದು. ಪರೀಕ್ಷೆಯಲ್ಲಿ ಅದು ನೂರಕ್ಕೆ ತೊಂಬತ್ತೆಂಟು ತೆಗೆಯಿತು. ಆ ಅಂಕಿ ಕಂಡ ದಿನ ಇನ್ನೂಸ್ವಲ್ಪ ಸರ್ ಮೊದಲ ಬಾರಿಗೆ ಕುರ್ಚಿಯಿಂದ ಅರ್ಧ ಎದ್ದು ಕೈ ಕುಲುಕಿದ್ದರು.

ಆದರೂ ಇನ್ನೂ ಸ್ವಲ್ಪ ವಿವರಿಸಿಯಂತೆ.

ಮೂರನೇ ಕರಡು ಹಾಗೆ ವಾಪಸು ಬಂದಾಗಲೇ ಅವಳಿಗೆ ಅನುಮಾನ ಹುಟ್ಟಿತ್ತು. ಈ ಮನುಷ್ಯ ಓದುತ್ತಾರೋ ಇಲ್ಲವೋ ನೋಡೇಬಿಡೋಣ ಎಂಬ ಸಿಟ್ಟಿನಲ್ಲಿ, ಐವತ್ತೆರಡನೇ ಪುಟದಲ್ಲಿ, ಚಿತ್ರಗಳಿಂದ ಮಸಿ ಅಳಿಸುವ ವಿಧಾನದ ಬಗ್ಗೆ ಬರೆದ ಉದ್ದನೆಯ ಪ್ಯಾರಾದ ನಡುವೆ ಒಂದು ಸಾಲು ತುರುಕಿದ್ದಳು. 'ಇಲ್ಲಿಯವರೆಗೆ ನಿಜವಾಗಿ ಓದಿಕೊಂಡು ಬಂದವರು ದಯವಿಟ್ಟು ನನಗೊಂದು ಫೋನ್ ಮಾಡಿ.' ಕೆಳಗೆ ತನ್ನ ನಂಬರು. ನಾಲ್ಕನೇ ಕರಡು ಎಂದು ಅದನ್ನೇ ಕಳಿಸಿದಳು. ಫೋನೂ ಇಲ್ಲ, ಗೀನೂ ಇಲ್ಲ. ಬಂದದ್ದು ಅದೇ ಮೂರು ಪದ, ಜೊತೆಗೆ ಬೈಂಡ್ ಮಾಡಿಸಿ ಎಂಬ ಅಪ್ಪಣೆ.

"ಮಾಡಿಸಿ ಅಂದ್ರಲ್ಲ, ಅಷ್ಟು ಸಾಕು. ಓದಿದ್ರೆಷ್ಟು ಬಿಟ್ರೆಷ್ಟು?" ಎಂದ ಗಂಡ. ಅವನದು ಛಾಪಾಖಾನೆಯಲ್ಲಿ ಬೈಂಡಿಂಗ್ ಕೆಲಸ. ಹೆಂಡತಿಯ ಥೀಸಿಸ್ಸಿಗೆಂದೇ ಒಳ್ಳೆಯ ನೀಲಿ ರೆಕ್ಸಿನ್ ತೆಗೆದಿಟ್ಟು ಒಂದು ವರ್ಷದಿಂದ ಕಾಯುತ್ತಿದ್ದ. ಇಪ್ಪತ್ತಮೂರನೇ ತಾರೀಕು ಮೂರು ಪ್ರತಿ ಬೈಂಡಾಗಿ, ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಹೊತ್ತು, ಮನೆಯ ಮೇಜಿನ ಮೇಲೆ ಬಂದು ಕೂತವು.

ಮಾರನೆಯ ದಿನ ಭಾನುವಾರ. ಅತ್ತೆ ಆ ನೀಲಿ ಪುಸ್ತಕವನ್ನು ತಿರುವಿ ಹಾಕಿ, "ಐದು ವರ್ಷ ಇದನ್ನ ಮಾಡ್ತಿದ್ದೆ ಅಂತೀಯಲ್ಲ, ಆ ಮಿಷನ್ನು ಏನು ಮಾಡುತ್ತೆ ಅಂತ ನನಗೂ ಒಂದು ಸಲ ತೋರಿಸೇ," ಎಂದರು.

ಟೀಚರಮ್ಮನಿಗೆ ಖುಷಿಯೇ ಆಯಿತು. ಇಡೀ ಜಗತ್ತಿನಲ್ಲಿ ಹಾಗೆ ಕೇಳಿದ ಮೊದಲ ಜೀವ ಅದು. ಒಂದು ಬಿಳಿ ಹಾಳೆ ಕೊಟ್ಟು, "ಏಳು ಲೆಕ್ಕ ಹಾಕಿ ಅತ್ತೆ, ಕೂಡಿಸೋದು ಕಳೆಯೋದು ಯಾವುದಾದ್ರೂ," ಎಂದಳು. ಅತ್ತೆ ಕನ್ನಡಕ ಏರಿಸಿ ನೀಲಿ ಪೆನ್ನಿನಲ್ಲಿ ದುಂಡಗೆ ಏಳು ಲೆಕ್ಕ ಬರೆದರು. ಏಳೂ ಸರಿ. ಸ್ಕ್ಯಾನ್ ಮಾಡಿ ಪ್ರೋಗ್ರಾಮಿಗೆ ಕೊಟ್ಟರೆ ಪರದೆಯ ಮೇಲೆ ಸಾಲಾಗಿ ಬಂತು: ತಪ್ಪು, ತಪ್ಪು, ತಪ್ಪು, ತಪ್ಪು, ತಪ್ಪು, ತಪ್ಪು, ತಪ್ಪು.

"ಏನಂತೆ?" ಅತ್ತೆ ಬಗ್ಗಿ ನೋಡಿದರು.

"ಯಾಕೋ ಸರಿಯಾಗಿ ಸ್ಕ್ಯಾನ್ ಆಗಿಲ್ಲ ಅನ್ಸುತ್ತೆ."

ಇನ್ನೊಮ್ಮೆ ಮಾಡಿದಳು. ಏಳೂ ತಪ್ಪು.

"ನಾನು ನಾಲ್ಕನೇ ಕ್ಲಾಸಲ್ಲಿ ಲೆಕ್ಕದಲ್ಲಿ ಇಡೀ ಶಾಲೆಗೇ ಮೊದಲು," ಎಂದರು ಅತ್ತೆ. ಅವರ ಮುಖ ಕೆಂಪಾಗಿತ್ತು. "ನೀನೂ ಬೇಡ, ನಿನ್ನ ಮಿಷನ್ನೂ ಬೇಡ. ನನ್ನ ಲೆಕ್ಕಕ್ಕೆ ನಾನೇ ರೈಟ್ ಹಾಕ್ಕೋತೀನಿ." ಸೊಸೆಯ ಚೀಲದಿಂದ ಕೆಂಪು ಪೆನ್ನು ಎತ್ತಿಕೊಂಡು ಏಳಕ್ಕೂ ಒಂದೊಂದು ದೊಡ್ಡ ರೈಟ್ ಎಳೆದು ಹಾಳೆಯನ್ನು ಮೇಜಿಗೆ ಕುಕ್ಕಿದರು. ಟೀಚರಮ್ಮ ನಗುತ್ತಾ, ಅವರ ಸಮಾಧಾನಕ್ಕೆಂದು ಅದನ್ನೇ ಮತ್ತೆ ಸ್ಕ್ಯಾನ್ ಮಾಡಿದಳು.

ಸರಿ, ಸರಿ, ಸರಿ, ಸರಿ, ಸರಿ, ಸರಿ, ಸರಿ.

"ಈಗ ಬುದ್ಧಿ ಬಂತು ನೋಡು ಅದಕ್ಕೆ," ಎಂದು ಅತ್ತೆ ಒಳಗೆ ಹೋದರು.

ಟೀಚರಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಂದು ಹಾಳೆ ತೆಗೆದು ಎರಡು ಕೂಡಿಸು ಎರಡು ಐದು ಎಂದು ಬರೆದು, ಪಕ್ಕದಲ್ಲಿ ಕೆಂಪು ರೈಟ್ ಹಾಕಿ ತೋರಿಸಿದಳು. ಸರಿ ಎಂದಿತು. ಲೆಕ್ಕವನ್ನೇ ಬರೆಯದೆ ಬರೀ ರೈಟ್ ಹಾಕಿ ತೋರಿಸಿದಳು. ಅದಕ್ಕೂ ಸರಿ ಎಂದಿತು.

ಟೀಚರಮ್ಮನದು ತಿದ್ದುವುದರಲ್ಲಿ ಒಂದು ಪದ್ಧತಿ. ತಪ್ಪಿಗೆ ಅವಳು ಎಂದೂ ಇಂಟು ಹಾಕಿದವಳಲ್ಲ, ಮಕ್ಕಳ ಮನಸ್ಸು ಮುದುಡುತ್ತದೆ ಎಂದು. ಸರಿಯಿದ್ದರೆ ಕೆಂಪು ರೈಟ್, ಇಲ್ಲದಿದ್ದರೆ ಖಾಲಿ. ಖಾಲಿ ಬಿಟ್ಟದ್ದನ್ನು ಮಗು ಕೆಳಗೆ ಮತ್ತೆ ಮಾಡಬೇಕು. ಇಡೀ ಶಾಲೆಗೆ ಗೊತ್ತಿದ್ದ ಆ ಪದ್ಧತಿ ಈಗ ಕಂಪ್ಯೂಟರಿಗೂ ಗೊತ್ತಾಗಿತ್ತು. ಕೆಂಪು ಕಂಡರೆ ಸರಿ, ಕಾಣದಿದ್ದರೆ ತಪ್ಪು. ಅಂಕಿಗಳ ಕಡೆ ಅದು ಕಣ್ಣೆತ್ತಿಯೂ ನೋಡಿರಲಿಲ್ಲ.

ಹೀಗಾಗಬಾರದೆಂದೇ ಅವಳು ಚಿತ್ರಗಳಿಂದ ಕೆಂಪು ಮಸಿಯನ್ನು ಅಳಿಸಿದ್ದಳು. ಅದಕ್ಕೇ ಒಂದಿಡೀ ಅಧ್ಯಾಯವಿತ್ತು. ಎಲ್ಲಿ ಎಡವಟ್ಟಾಯಿತೆಂದು ಹುಡುಕಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಮಸಿ ಅಳಿಸದ ಮೊದಲ ಚಿತ್ರಗಳನ್ನು ಇಟ್ಟ ಫೋಲ್ಡರಿನ ಹೆಸರು 'ಕೊನೆಯದು'. ಮಸಿ ಅಳಿಸಿದವನ್ನು ಇಟ್ಟದ್ದು 'ನಿಜವಾಗಿ ಕೊನೆಯದು' ಎಂಬುದರಲ್ಲಿ. ಪ್ರೋಗ್ರಾಮು ಎರಡು ವರ್ಷದಿಂದ ನಿಷ್ಠೆಯಿಂದ 'ಕೊನೆಯದು' ಫೋಲ್ಡರನ್ನೇ ಓದುತ್ತಿತ್ತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಟೀಚರಮ್ಮ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಳು. ಒಂದು ಸಾಲು ತಿದ್ದಿ, ಅಳಿಸಿದ ಚಿತ್ರಗಳಿಂದಲೇ ಪಾಠ ಶುರುಮಾಡಿಸಿ, ಸಂಜೆಯವರೆಗೆ ಪರದೆಯ ಮುಂದೆ ಕೂತಳು. ಬಂದದ್ದು ಅರವತ್ತೊಂದು. ಕಣ್ಣು ಮುಚ್ಚಿ ಸರಿ, ತಪ್ಪು ಎಂದು ಹೇಳುತ್ತಾ ಹೋದರೂ ಐವತ್ತು ಬರುತ್ತದೆ. ಐದು ವರ್ಷದ ದುಡಿಮೆ ಅದಕ್ಕಿಂತ ಹನ್ನೊಂದು ಹೆಚ್ಚು ಗಳಿಸಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆಯಾದರೂ ಯಾರದು, ಅತ್ತೆಯದು. ಅವರೋ ಒಳಗಿನ ಕೋಣೆಯಲ್ಲಿ ನೆಮ್ಮದಿಯಾಗಿ ನಿದ್ದೆ ಹೋಗಿದ್ದರು.

ಸೋಮವಾರ ಶಾಲೆ ಬಿಟ್ಟ ಮೇಲೆ ಅವಳು ನೇರ ಗೈಡ್ ಹತ್ತಿರ ಹೋದಳು. ಇನ್ನೂಸ್ವಲ್ಪ ಸರ್ ಕೋಣೆ ಎಂದರೆ ನೆಲದಿಂದ ಕಿಟಕಿಯವರೆಗೆ ಥೀಸಿಸ್ಸುಗಳ ಅಟ್ಟಿ. ಅವುಗಳ ಮೇಲೆ ಒಣಗಿದ ಟೀ ಲೋಟದ ಉಂಗುರಗಳು. ಎರಡು ಫೋನುಗಳ ನಡುವೆ ಅವರು ಅವಳ ಮಾತು ಕೇಳಿದರು. ಕೆಂಪು ಮಸಿ, ಫೋಲ್ಡರು, ಅರವತ್ತೊಂದು, ಎಲ್ಲ ಹೇಳಿದಳು.

"ಬೇರೆ ಯಾರಿಗಾದ್ರೂ ಗೊತ್ತಾ ಇದು?" ಎಂದರು.

"ನಮ್ಮ ಅತ್ತೆಗೆ."

"ಅವರೇನು ಪರೀಕ್ಷಕರಲ್ಲವಲ್ಲ. ನೋಡಿ ಮೇಡಂ, ಇನ್ನು ಐದು ದಿನ ಇದೆ. ತೊಂಬತ್ತೆಂಟು ಬಂದಿದ್ದು ಸುಳ್ಳೇನಲ್ಲ, ಬಂದಿತ್ತು ತಾನೆ? ಅದನ್ನ ಹಾಗೇ ಬಿಡಿ. ಕೊನೆಯಲ್ಲಿ 'ಮುಂದಿನ ಕೆಲಸ' ಅಂತ ಇರುತ್ತಲ್ಲ, ಅಲ್ಲಿ ಮಸಿಯ ಪರಿಣಾಮ ಇನ್ನೂ ಪರಿಶೀಲಿಸಬೇಕಿದೆ ಅಂತ ಒಂದು ಸಾಲು ಹಾಕಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹೊರಗಿನ ಪರೀಕ್ಷಕರು ಕೇಳಿದ್ರೆ ಸರ್?"

"ಅವರಿಗೆಲ್ಲಿ ಪುರುಸೊತ್ತು? ಅಂಕಿ ನೋಡ್ತಾರೆ, ಸಹಿ ಹಾಕ್ತಾರೆ."

ಟೀಚರಮ್ಮ ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಸರ್, ಮೂರನೇ ಅಧ್ಯಾಯ ಓದಿದ್ರಲ್ಲ, ಹೇಗಿತ್ತು?"

"ಚೆನ್ನಾಗಿತ್ತು," ಎಂದರು ಅವರು, ಫೋನಿನಿಂದ ಕಣ್ಣೆತ್ತದೆ. "ಇನ್ನೂ ಸ್ವಲ್ಪ ವಿವರಿಸಬಹುದಿತ್ತು."

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗೈಡ್ ಹೇಳಿದಂತೆ ಕೇಳಿದರೆ ಪದವಿ ಕೈಯಲ್ಲಿತ್ತು. ಕೇಳದೆ ಅರವತ್ತೊಂದು ಎಂದು ಬರೆದರೆ ಅವರು ಸಹಿ ಹಾಕುವುದಿಲ್ಲ. ಸಹಿ ಇಲ್ಲದ ಥೀಸಿಸ್ಸನ್ನು ಕೌಂಟರಿನಲ್ಲಿ ಮುಟ್ಟುವುದೂ ಇಲ್ಲ. ಕಂಪ್ಯೂಟರ್ ಕೋಣೆಯ ಬೀಗದ ಕೈ ಬೇರೆ ಯಾರ ಸೊಂಟಕ್ಕೋ ಹೋಗುತ್ತದೆ. ಇದೆಲ್ಲ ಗೊತ್ತಿದ್ದೂ ಅವಳಿಗೆ ಆ ತೊಂಬತ್ತೆಂಟನ್ನು ನುಂಗಲಾಗಲಿಲ್ಲ. ಪಕ್ಕದವನದು ನೋಡಿ ಬರೆದು ಪೂರ್ತಿ ಅಂಕ ತೆಗೆದ ಹುಡುಗನ ಹಾಳೆಗೆ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಅವಳು ಸುಮ್ಮನೆ ಅಂಕ ಕೊಟ್ಟಿರಲಿಲ್ಲ. ತನ್ನ ಪ್ರೋಗ್ರಾಮು ಮಾಡಿದ್ದೂ ಅದೇ ತಾನೆ, ಟೀಚರ್ ಬರೆದದ್ದನ್ನು ನೋಡಿ ಉತ್ತರ ಹೇಳಿದ್ದು.

"ಬೈಂಡ್ ಬಿಚ್ಚಬೇಕು, ರೀ," ಎಂದಳು ಮನೆಗೆ ಬಂದವಳೇ.

ಗಂಡ ಅವಳ ಮುಖ ನೋಡಿದ, ನೀಲಿ ಪುಸ್ತಕಗಳನ್ನು ನೋಡಿದ. "ಇದು ನೂಲು ಹೊಲಿಗೆ. ಬಿಚ್ಚೋದಕ್ಕೆ ಮಾಡಿದ್ದಲ್ಲ ಇದು."

"ನನಗೂ ಬೇಜಾರೇ."

"ಆ ಸರ್‌ಗೆ ಹೇಳಿದ್ಯಾ?"

"ಹೇಳಿದೆ. ಬೇಡ ಅಂದ್ರು."

"ಮತ್ತೆ?"

ಅವಳು ಮೂರೂ ಪುಸ್ತಕಗಳನ್ನು ಅವನ ಮುಂದೆ ಸರಿಸಿದಳು. ಅವನು ನಿಟ್ಟುಸಿರುಬಿಟ್ಟು, ಚೀಲದಿಂದ ಸಣ್ಣ ಚಾಕು ತೆಗೆದು, ತಾನೇ ಹೊಲಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸತೊಡಗಿದ. ಐದು ವರ್ಷದಲ್ಲಿ ಅವನ ಮೇಲೆ ಅವಳಿಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಮೂರು ದಿನ ರಜೆ ಹಾಕಿ ನಾಲ್ಕನೇ ಅಧ್ಯಾಯವನ್ನು ಹೊಸದಾಗಿ ಬರೆದಳು. ತೊಂಬತ್ತೆಂಟು ಹೇಗೆ ಬಂತು, ಫೋಲ್ಡರು ಹೇಗೆ ಅದಲುಬದಲಾಯಿತು, ಯಂತ್ರ ಲೆಕ್ಕ ಬಿಟ್ಟು ಮಸಿ ನೋಡಿದ್ದು, ಅತ್ತೆಯ ಏಳು ಲೆಕ್ಕ, ಮಸಿ ಅಳಿಸಿದ ಮೇಲೆ ಬಂದ ಅರವತ್ತೊಂದು, ಒಂದನ್ನೂ ಬಿಡಲಿಲ್ಲ. ಇಪ್ಪತ್ತೆಂಟನೇ ತಾರೀಕು ಮಧ್ಯಾಹ್ನ ಗೈಡ್‌ಗೆ ಕಳಿಸಿದಳು. ಅವರು ಕೂಗಾಡಿದರೆ ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಇಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಆ ಚೀಟಿಯಲ್ಲಿತ್ತು.

ಹನ್ನೊಂದು ನಿಮಿಷಕ್ಕೆ ಉತ್ತರ ಬಂತು. 'ಇನ್ನೂ ಸ್ವಲ್ಪ ವಿವರಿಸಿ. ಸಹಿ ಮಾಡಿದ ಪುಟ ಲಗತ್ತಿಸಿದೆ.'

ಟೀಚರಮ್ಮ ಅದನ್ನು ಮೂರು ಸಲ ಓದಿದಳು. ಎಂಬತ್ತೊಂಬತ್ತು ಪುಟ, ಹನ್ನೊಂದು ನಿಮಿಷ. ಬೇಡ ಎಂದು ಅವರೇ ಹೇಳಿದ್ದನ್ನು ಅವಳು ಮಾಡಿದ್ದಾಳೆಂಬುದು ಕೂಡ ಅವರ ಗಮನಕ್ಕೆ ಬಂದಿರಲಿಲ್ಲ. ಯುದ್ಧಕ್ಕೆ ಸೊಂಟ ಕಟ್ಟಿ ನಿಂತರೆ ಎದುರಾಳಿ ಆಕಳಿಸಿ ಎದ್ದು ಹೋದಂತಾಯಿತು. ಅವಳಿಗೆ ನಗು ಬರಲಿಲ್ಲ, ಅಳು ಬಂತು. ಆ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದಳು.

ಮೂವತ್ತನೇ ತಾರೀಕು ನಾಲ್ಕೂವರೆಗೆ ಕೌಂಟರಿನ ಗುಮಾಸ್ತರು ಮೂರೂ ಪ್ರತಿಯನ್ನು ತೆರೆದು, ಸ್ಟೀಲಿನ ಸ್ಕೇಲು ಇಟ್ಟು ಅಂಚು ಅಳೆದರು. ಎಡಕ್ಕೆ ಒಂದೂವರೆ ಇಂಚು, ಬಲಕ್ಕೆ ಒಂದು. ಪ್ರತಿ ಹತ್ತನೇ ಪುಟಕ್ಕೊಮ್ಮೆ ಅಳೆದರು. "ಬೈಂಡಿಂಗ್ ಚೆನ್ನಾಗಿದೆ, ಎಲ್ಲಿ ಮಾಡಿಸಿದ್ರಿ?" ಎಂದು ಕೇಳಿ ಮೊಹರು ಒತ್ತಿದರು. ಐದು ವರ್ಷದಲ್ಲಿ ಅವಳ ಥೀಸಿಸ್ಸನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ಅವರೊಬ್ಬರೇ.

ಆರು ವಾರ ಕಳೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ನೋಟ್‌ಬುಕ್ಕಿನ ಗುಡ್ಡೆ ಮುಂದಿಟ್ಟುಕೊಂಡು ಕೂತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ.

"ಐವತ್ತೆರಡನೇ ಪುಟದಲ್ಲಿ ಫೋನ್ ಮಾಡಿ ಅಂತ ಬರೆದಿದ್ದೀರಿ. ಅದಕ್ಕೆ ಮಾಡ್ತಿದೀನಿ. ನಾನು ನಿಮ್ಮ ಹೊರಗಿನ ಪರೀಕ್ಷಕಿ."

ಆ ಸಾಲು! ನಾಲ್ಕನೇ ಅಧ್ಯಾಯದ ಗಡಿಬಿಡಿಯಲ್ಲಿ ಮೂರನೆಯದರಲ್ಲಿ ಅದನ್ನು ತೆಗೆಯುವುದು ಮರೆತೇಹೋಗಿತ್ತು. ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಕ್ಷಮಿಸಿ ಮೇಡಂ. ಅದು... ನಮ್ಮ ಗೈಡ್ ಓದ್ತಾರೋ ಇಲ್ಲವೋ ಅಂತ..."

"ಅರ್ಥವಾಯ್ತು ಬಿಡಿ. ನಾನೂ ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು." ಆ ಕಡೆಯಿಂದ ಪುಟ ತಿರುಗಿಸಿದ ಸದ್ದು ಕೇಳಿಸಿತು. "ನಿಮ್ಮ ನಾಲ್ಕನೇ ಅಧ್ಯಾಯ ಎರಡು ಸಲ ಓದಿದೆ. ಆದ ತಪ್ಪನ್ನ ಹೀಗೆ ಬಿಚ್ಚಿಟ್ಟವರನ್ನ ನಾನು ಹೆಚ್ಚು ನೋಡಿಲ್ಲ. ಪಾಸಾಗೋ ಚಿಂತೆ ಬೇಡ, ಗುರುವಾರ ವೈವಾಗೆ ಬನ್ನಿ. ಆದ್ರೆ ಒಂದು ಪ್ರಶ್ನೆ ಇದೆ, ಕೇಳಲಾ?"

"ಕೇಳಿ ಮೇಡಂ."

"ಅರವತ್ತೊಂದು ಅಂದ್ರೆ ಉಳಿದ ಮೂವತ್ತೊಂಬತ್ತರಲ್ಲಿ ಯಂತ್ರ ಒಂದು ಹೇಳಿತು, ನೀವು ಇನ್ನೊಂದು ಹೇಳಿದ್ರಿ. ಅಲ್ಲೆಲ್ಲ ಯಂತ್ರದ್ದೇ ತಪ್ಪು ಅಂತ ಬರೆದಿದ್ದೀರಿ. ಅದು ನಿಮಗೆ ಹೇಗೆ ಗೊತ್ತು?"

ಟೀಚರಮ್ಮ ಮುಂದಿದ್ದ ನೋಟ್‌ಬುಕ್ಕಿನ ಗುಡ್ಡೆಯನ್ನು ನೋಡಿದಳು.

"ಆ ಲೆಕ್ಕಗಳನ್ನ ಮತ್ತೆ ನೋಡಿದ್ರಾ?"

"ಇಲ್ಲ ಮೇಡಂ."

"ನೋಡ್ಕೊಂಡು ಬನ್ನಿ," ಎಂದರು ಆಕೆ, ಸಾವಧಾನವಾಗಿ.

ಪರೀಕ್ಷೆಯ ಎರಡು ಸಾವಿರದ ಇನ್ನೂರರಲ್ಲಿ ನೂರಕ್ಕೆ ಮೂವತ್ತೊಂಬತ್ತು ಅಂದರೆ ಎಂಟುನೂರ ಐವತ್ತೆಂಟು ಲೆಕ್ಕಗಳು. ಶನಿವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಒಂದೊಂದನ್ನೂ ತಾನೇ ಕಾಗದದ ಮೇಲೆ ಮಾಡುತ್ತಾ ಹೋದಳು. ಮೊದಲ ಇನ್ನೂರರಲ್ಲಿ ಯಂತ್ರ ಬರೀ ಹುಚ್ಚುಚ್ಚಾಗಿ ಹೇಳಿತ್ತು. ಈ ಮಹಾತಾಯಿಗೂ ಬೇರೆ ಕೆಲಸವಿಲ್ಲ ಎಂದು ಬೈದುಕೊಂಡಳು. ಇನ್ನೂರ ಹದಿಮೂರನೆಯದರಲ್ಲಿ ಕೈ ನಿಂತಿತು. ತಾನು ಕೆಂಪು ರೈಟ್ ಹಾಕಿದ್ದ ಭಾಗಾಕಾರ ತಪ್ಪಾಗಿತ್ತು. ಸರಿ, ಮನುಷ್ಯರೇ ತಾನೆ, ಒಂದು ಕಣ್ತಪ್ಪು. ಇನ್ನೂರ ಅರವತ್ತರ ಹೊತ್ತಿಗೆ ಇನ್ನೊಂದು. ಭಾನುವಾರ ಸಂಜೆ ಎಣಿಸಿದರೆ ನಲವತ್ತೊಂದು. ಅವುಗಳಲ್ಲಿ ಹದಿನೆಂಟು, ಮಗು ಸರಿಯಾಗಿ ಮಾಡಿದ್ದು, ತಾನು ಖಾಲಿ ಬಿಟ್ಟದ್ದು.

ಅದರಲ್ಲೊಂದನ್ನು ದಾಟಿ ಮುಂದೆ ಹೋಗಲು ಅವಳಿಗೆ ಆಗಲಿಲ್ಲ. ಸಾವಿರದ ಮೂರರಲ್ಲಿ ನಾನೂರ ಅರವತ್ತೇಳು ಕಳೆಯುವ ಲೆಕ್ಕ. ಏಳರ ನಡುವಿಗೆ ಅಡ್ಡಗೀಟು ಹಾಕುವ ಹುಡುಗಿ ಶಾಲೆಯಲ್ಲಿ ಒಬ್ಬಳೇ, ಎರಡು ವರ್ಷದ ಹಿಂದಿನ ನೋಟ್‌ಬುಕ್ಕಾದರೂ ಕೈ ಗುರುತು ಹತ್ತಿತು. ಉತ್ತರ ಐನೂರ ಮೂವತ್ತಾರು ಎಂದು ಬರೆದಿದ್ದಳು. ಸರಿಯಾದ ಉತ್ತರ. ಆದರೆ ಪಕ್ಕದ ಸ್ಥಾನದಿಂದ ಸಾಲ ತೆಗೆದದ್ದನ್ನು ತೋರಿಸುವ ಪುಟ್ಟ ಅಂಕಿಗಳು ಮೇಲೆ ಇರಲಿಲ್ಲ, ಮನಸ್ಸಿನಲ್ಲೇ ಮಾಡಿಬಿಟ್ಟಿದ್ದಳು. ಟೀಚರಮ್ಮ ಹೇಗೆ ತಿದ್ದಿರಬೇಕೆಂದು ಟೀಚರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತಾರು ಪುಸ್ತಕ, ನಲವತ್ತು ನಿಮಿಷ. ಕಣ್ಣು ಉತ್ತರಕ್ಕೆ ಹೋಗುವುದಿಲ್ಲ, ಮೇಲಿನ ಪುಟ್ಟ ಅಂಕಿಗಳಿಗೆ ಹೋಗುತ್ತದೆ. ಅವು ಇದ್ದರೆ ರೈಟ್, ಇಲ್ಲದಿದ್ದರೆ ಖಾಲಿ.

ಪೂರ್ತಿ ಪುಟದ ಚಿತ್ರ ತೆಗೆದು ನೋಡಿದಳು. ಹುಡುಗಿ ಕೆಳಗೆ ಮತ್ತೆ ಮಾಡಿದ್ದಳು, ಈ ಸಲ ಪುಟ್ಟ ಅಂಕಿಗಳನ್ನು ತುಂಬಿ, ಐನೂರ ನಲವತ್ತಾರು. ಅದಕ್ಕೂ ರೈಟ್ ಇಲ್ಲ. ಅದರ ಕೆಳಗೆ, ಒತ್ತಿ ಒತ್ತಿ ಬರೆದು, ಆರುನೂರ ಮೂವತ್ತಾರು. ಆಮೇಲೆ ಆ ಲೆಕ್ಕವನ್ನು ಅವಳು ಮಾಡಿರಲೇ ಇಲ್ಲ.

ಅವರು ಓದಲಿಲ್ಲ, ಇವರು ನೋಡಲಿಲ್ಲ ಎಂದು ಮೂರು ವರ್ಷ ಕೂಗಾಡಿದ್ದೇ ಕೂಗಾಡಿದ್ದು. ತನ್ನ ಎಲೆಯಲ್ಲಿ ಕತ್ತೆ ಬಿದ್ದಿರುವಾಗ ಪಕ್ಕದ ಎಲೆಯ ನೊಣ ಹೊಡೆಯಲು ಹೊರಟಿದ್ದಳು ಟೀಚರಮ್ಮ. ಅವಳಿಗೆ ನಾಚಿಕೆಯಾಯಿತು. ಗೈಡ್ ಮೇಲೆ ಬಂದಿದ್ದ ಕೋಪವೆಲ್ಲ ಮನೆ ತಪ್ಪಿ ಹೋಗಿದ್ದು ಈಗ ವಿಳಾಸ ಹುಡುಕಿಕೊಂಡು ವಾಪಸು ಬಂತು.

ವೈವಾ ಗುರುವಾರ ಆಯಿತು. ನಲವತ್ತೊಂದರ ಪಟ್ಟಿಯನ್ನು ಪರೀಕ್ಷಕಿ ಒಂದೊಂದಾಗಿ ನೋಡಿ, ಇದನ್ನು ಐದನೇ ಅಧ್ಯಾಯವಾಗಿ ಸೇರಿಸಿ ಎಂದು ಹೇಳಿ ಪಾಸು ಮಾಡಿದರು. ಪಕ್ಕದಲ್ಲಿ ಕೂತಿದ್ದ ಇನ್ನೂಸ್ವಲ್ಪ ಸರ್, "ನಾನು ಮೊದಲಿಂದ್ಲೂ ಅದನ್ನೇ ಹೇಳ್ತಿದ್ದೆ ಮೇಡಂ, ವಿವರಿಸಿ ಅಂತ," ಎಂದರು. ಬೀಗದ ಕೈ ಟೀಚರಮ್ಮನ ಹತ್ತಿರವೇ ಉಳಿಯಿತು. ಇದೆಲ್ಲ ಆಮೇಲಿನ ಮಾತು.

ಅದಕ್ಕೂ ಮೊದಲು, ಸೋಮವಾರ ಬೆಳಿಗ್ಗೆ, ಅವಳು ಆ ಪುಟವನ್ನು ಪ್ರಿಂಟ್ ತೆಗೆದುಕೊಂಡು ಮೇಲಿನ ಅಂತಸ್ತಿಗೆ ಹೋದಳು. ಅಡ್ಡಗೀಟಿನ ಹುಡುಗಿ ಈಗ ಎರಡು ತರಗತಿ ಮುಂದಿದ್ದಳು, ಎತ್ತರವಾಗಿದ್ದಳು. ಲೆಕ್ಕದಲ್ಲಿ ಹಿಂದೆ ಎಂದು ಅವಳ ಟೀಚರು ಬಾಗಿಲಲ್ಲೇ ಹೇಳಿದರು. ಟೀಚರಮ್ಮ ಅವಳನ್ನು ಕಾರಿಡಾರಿಗೆ ಕರೆದು, ಕಿಟಕಿಯ ಕಟ್ಟೆಯ ಮೇಲೆ ಹಾಳೆ ಹರವಿ, ಮೊದಲ ಲೆಕ್ಕದ ಮೇಲೆ ಬೆರಳಿಟ್ಟಳು.

"ಇದು ಸರಿ ಇತ್ತು, ಪುಟ್ಟಿ. ನಾನು ನೋಡಿರಲಿಲ್ಲ. ನನ್ನದೇ ತಪ್ಪು."

ಹುಡುಗಿ ಹಾಳೆಯನ್ನು ನೋಡಿದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಗೊತ್ತಿತ್ತು ಟೀಚರ್. ಮನೆಯಲ್ಲಿ ಕೂಡಿಸಿ ನೋಡಿದ್ದೆ, ಸರಿಯಾಗೇ ಬಂದಿತ್ತು."

"ಗೊತ್ತಿದ್ದೂ ಉತ್ತರ ಯಾಕೆ ಬದಲಾಯಿಸಿದೆ?"

ಹುಡುಗಿ ಅವಳ ಮುಖ ನೋಡಿದಳು. ಇಷ್ಟು ಸುಲಭದ್ದು ದೊಡ್ಡವರಿಗೆ ಹೇಗೆ ಗೊತ್ತಾಗುವುದಿಲ್ಲ ಎಂಬಂತೆ ಹೇಳಿದಳು:

"ನೀವು ರೈಟ್ ಹಾಕಿರಲಿಲ್ಲವಲ್ಲ."